ಚಿಕ್ಕಮ್ಮ ಹೇಳದೆ ಬಿಟ್ಟ ಸುಳ್ಳು

ಹೋದ ವಾರ ವಿಜಯನಗರದಲ್ಲಿ ಫುಟ್‌ಪಾತಿನ ಕಲ್ಲೊಂದು ಅಲುಗಾಡಿ ನನ್ನ ಕಾಲು ಉಳುಕಿತು. ಅಲುಗಾಡುವ ಕಲ್ಲು ನಮ್ಮ ಕಡೆ ವಿಶೇಷವೇನಲ್ಲ. ಗಟ್ಟಿಯಾಗಿ ಕೂತ ಕಲ್ಲು ಸಿಕ್ಕರೆ ಅದೇ ವಿಶೇಷ. ಕುಂಟುತ್ತ ಎದುರಿನ ಮೆಡಿಕಲ್ ಶಾಪಿಗೆ ಹೋದೆ. ಅಂಗಡಿಯವರು ಕ್ರೇಪ್ ಬ್ಯಾಂಡೇಜಿನ ಸುರುಳಿಯೊಂದನ್ನು ಮುಂದಿಟ್ಟು, “ಬಿಗಿಯಾಗಿ ಸುತ್ಕೊಳಿ, ಆದ್ರೆ ಉಸಿರುಗಟ್ಟೋ ಹಾಗಲ್ಲ” ಅಂದರು. ಕಾಲಿಗೆ ಎಲ್ಲಿಯ ಉಸಿರು ಎಂದು ನಗುತ್ತಲೇ ಮನೆಗೆ ಬಂದು ಕವರು ಹರಿದೆ. ಹೊಸ ಹತ್ತಿಯ ವಾಸನೆ, ಅದರ ಹಿಂದೆ ಸಣ್ಣಗೆ ರಬ್ಬರಿನದು. ಮೂಗಿಗೆ ಬಡಿದದ್ದೇ ತಡ, ಉಳುಕಿದ್ದು ಕಾಲಾದರೂ ನನ್ನ ಕೈ ತಾನಾಗಿ ಎದೆಯ ಹತ್ತಿರ ಹೋಯಿತು.

ಒಂದು ಕಾಲದಲ್ಲಿ ನಾನು ದಿನಾ ಬೆಳಿಗ್ಗೆ ಈ ಬಟ್ಟೆಯನ್ನು ಎದೆಗೆ ಸುತ್ತಿಕೊಂಡೇ ಹೊರಗೆ ಕಾಲಿಡುತ್ತಿದ್ದೆ. ಮೈಸೂರು ರಸ್ತೆಯಲ್ಲಿ ಮೆಟ್ರೋ ಕಂಬಗಳು ಇನ್ನೂ ಏಳದೆ ಇದ್ದ ವರ್ಷಗಳು ಅವು. ಮೊಬೈಲಿಗೆ ಕರೆನ್ಸಿ ಹಾಕಿಸಲು ಅಂಗಡಿಗೆ ಹೋಗಬೇಕಿತ್ತು, ಇಂಟರ್‌ನೆಟ್ ನೋಡಬೇಕೆಂದರೆ ಪರದೆ ಕಟ್ಟಿದ ಸೈಬರ್ ಕೆಫೆಗೆ. ನಾನು ಹೆಣ್ಣುಮಗು ಎಂದು ಬರೆಸಿಕೊಂಡು ಹುಟ್ಟಿದ ಜೀವ. ಹದಿಮೂರರ ಸುಮಾರಿಗೆ ಎದೆ ತನ್ನ ಪಾಡಿಗೆ ತಾನು ಬೆಳೆಯತೊಡಗಿದಾಗ, ನಾನು ವಾಸವಿದ್ದ ಮನೆಗೆ ಯಾರೋ ಹೇಳದೆ ಕೇಳದೆ ಸಾಮಾನು ತಂದು ತುಂಬಿದ ಹಾಗಾಯಿತು. ಹಾಗಾದರೆ ಗಂಡಾಗಬೇಕೆಂದಿತ್ತೇ ಎಂದು ನೀವು ಕೇಳುತ್ತೀರಿ. ಎಲ್ಲರೂ ಅದನ್ನೇ ಕೇಳಿದರು. ಅದೂ ಇರಲಿಲ್ಲ. ಮೀಸೆಯ ಕನಸು ನನಗೆ ಒಂದು ದಿನವೂ ಬಿದ್ದದ್ದಿಲ್ಲ. ಈಗ ನನ್ನಂಥವರಿಗೆ ನಾನ್ ಬೈನರಿ ಎಂಬ ಮಾತಿದೆ, ಕಾಲೇಜಿನ ಮಕ್ಕಳು ಸಲೀಸಾಗಿ ಹೇಳುತ್ತಾರೆ. ಆಗ ನನ್ನ ಬಳಿ ಇದ್ದದ್ದು ‘ಎರಡೂ ಅಲ್ಲ’ ಎಂಬ ಎರಡು ಪದ ಮಾತ್ರ. ಅದನ್ನು ಕೇಳಿದವರು ಮುಂದಿನ ಪದಕ್ಕಾಗಿ ಕಾಯುತ್ತಿದ್ದರು.

ಕನ್ನಡ ಈ ವಿಷಯದಲ್ಲಿ ದೊಡ್ಡ ಮನಸ್ಸಿನ ಭಾಷೆ. ನಾನು ಬಂದೆ, ನಾನು ಉಂಡೆ ಎನ್ನುತ್ತಿರುವಷ್ಟು ಹೊತ್ತು ಯಾರಿಗೂ ಏನನ್ನೂ ಒಪ್ಪಿಸಬೇಕಾಗಿಲ್ಲ. ಬೇರೆಯವರು ನನ್ನ ಬಗ್ಗೆ ಮಾತಾಡತೊಡಗಿದಾಗಲೇ ತೊಂದರೆ. ಹೀಗಾಗಿ ನಾನು ಬೇರೆಯವರು ಮಾತಾಡುವ ಜಾಗಗಳಿಂದ ಎದ್ದು ಹೋಗುವುದನ್ನು ಬೇಗ ಕಲಿತೆ. ಕಾಲಿಗೆ ಚಕ್ರ ಕಟ್ಟಿಕೊಂಡಿದೆ ಎಂದು ಮನೆಯಲ್ಲಿ ಬಯ್ಯುತ್ತಿದ್ದರು. ಮನೆಯಲ್ಲಿ ಎಂದರೆ ಚಿಕ್ಕಮ್ಮ. ಅಮ್ಮ ತೀರಿಕೊಂಡ ಮೇಲೆ, ವರ್ಗಾವಣೆಯ ನೌಕರಿಯಲ್ಲಿ ಊರೂರು ಅಲೆಯುತ್ತಿದ್ದ ಅಪ್ಪ ನನ್ನನ್ನು ಬಾಪೂಜಿ ನಗರದಲ್ಲಿದ್ದ ಅಮ್ಮನ ತಂಗಿಯ ಹತ್ತಿರ ಬಿಟ್ಟಿದ್ದರು. ಅವಳು ಮದುವೆಯಾಗಿರಲಿಲ್ಲ. ಬೀದಿಯ ಅರ್ಧಕ್ಕರ್ಧ ಹೆಂಗಸರಿಗೆ ರವಿಕೆ ಹೊಲಿಯುತ್ತಿದ್ದಳು.

ರವಿಕೆ ಹೊಲಿಯುವ ಮನೆಯಲ್ಲಿ ನನ್ನಂಥವರು ಬೆಳೆಯುವುದನ್ನು ಯೋಚಿಸಿ ನೋಡಿ. ಮುಂದಿನ ಕೋಣೆಯಲ್ಲಿ ಸದಾ ಯಾರೋ ಕೈ ಎತ್ತಿಕೊಂಡು ನಿಂತಿರುತ್ತಿದ್ದರು. ಚಿಕ್ಕಮ್ಮ ಟೇಪು ಸುತ್ತಿ ಗಟ್ಟಿಯಾಗಿ ಅಳತೆ ಹೇಳುತ್ತಿದ್ದಳು. ಬಂದವರು ನನ್ನ ಕಡೆ ತಿರುಗಿ, “ನಿಮ್ ಹುಡುಗೀಗೂ ಒಂದು ಚೆನ್ನಾಗಿರೋದು ಹೊಲೀರಿ, ಯಾವಾಗ್ಲೂ ಗೋಣಿಚೀಲ ಹಾಕ್ಕೊಂಡಿರುತ್ತೆ” ಎನ್ನುತ್ತಿದ್ದರು. ಗೋಣಿಚೀಲವೆಂದರೆ ನನ್ನ ಅಂಗಿ. ಅದನ್ನೂ ಚಿಕ್ಕಮ್ಮನೇ ಹೊಲಿದದ್ದು, ಅಳತೆಯಿಲ್ಲದೆ, ಕಣ್ಣಂದಾಜಿನಲ್ಲಿ. ಟೇಪು ಹಿಡಿದು ಹತ್ತಿರ ಬಂದರೆ ನಾನು ಚಪ್ಪಲಿ ಮೆಟ್ಟಿ ಬೀದಿಗೆ ಇಳಿದುಬಿಡುತ್ತಿದ್ದೆ. ಅವಳಿಗೆ ಮಾತ್ರ ನಾನು ‘ಹುಡುಗಿ’ಯೂ ಆಗಿರಲಿಲ್ಲ. ಹಸುಗೂಸಿಗೆ ಹೇಳುವಂತೆ ‘ಪುಟ್ಟ ಬಂತು’, ‘ಅದಿನ್ನೂ ಊಟ ಮಾಡಿಲ್ಲ’ ಎನ್ನುತ್ತಿದ್ದಳು. ಮೂವತ್ತು ಹತ್ತಿರವಾದರೂ ಬಿಟ್ಟಿರಲಿಲ್ಲ. ನನಗೆ ಅದು ಹಿತವಾಗಿತ್ತು. ಯಾಕೆ ಹಿತವೆಂದು ಅವಳಿಗೆ ಹೇಳಿರಲಿಲ್ಲ.

ನನ್ನ ಕೆಲಸ ರಾಜಾಜಿನಗರದ ಒಂದು ಸಣ್ಣ ಡಿಟಿಪಿ ಅಂಗಡಿಯಲ್ಲಿ. ಕಂಪ್ಯೂಟರಿನ ಮುಂದೆ ಕೂತು ದಿನವಿಡೀ ಲಗ್ನಪತ್ರಿಕೆ ಜೋಡಿಸುವುದು. ಎಡಕ್ಕೆ ಚಿ|| ರಾ||, ಬಲಕ್ಕೆ ಚಿ|| ಸೌ||. ಮಧ್ಯೆ ಗಣೇಶ. ಇಡೀ ಕಾರ್ಡಿನಲ್ಲಿ ನನಗೆ ಜಾಗವಿದ್ದರೆ ಗಣೇಶನ ಪಕ್ಕದಲ್ಲೇ ಎಂದು ನಾನೇ ತಮಾಷೆ ಮಾಡಿಕೊಳ್ಳುತ್ತಿದ್ದೆ. ಸಂಜೆ ಬಸ್ಸಿನಲ್ಲೂ ಅದೇ ಪಾಡು. ಮುಂದೆ ಹೆಂಗಸರು, ಹಿಂದೆ ಗಂಡಸರು, ನಡುವಿನ ಕಂಬ ಹಿಡಿದು ನಾನು. ಸೀಟು ಖಾಲಿಯಿದ್ದರೂ ಕೂರುತ್ತಿರಲಿಲ್ಲ. ಬಾಪೂಜಿ ನಗರದ ಸ್ಟಾಪು ಬಂದಾಗ ಮನೆಯಲ್ಲಿ ಇನ್ನೂ ಅಳತೆ ನಡೆಯುತ್ತಿರುತ್ತದೆ ಎಂದು ನೆನಪಾಗಿ ಇಳಿಯದೆ ಕೆಂಗೇರಿಯವರೆಗೆ ಹೋಗಿ, ಅದೇ ಬಸ್ಸಿನಲ್ಲಿ ಹಿಂದಿರುಗುತ್ತಿದ್ದೆ. ನಾಯಂಡಹಳ್ಳಿಯ ಹತ್ತಿರ ವೃಷಭಾವತಿ ನಾತ ಹೊಡೆಯುತ್ತಿತ್ತು, ಎಲ್ಲರೂ ಮೂಗು ಮುಚ್ಚಿಕೊಳ್ಳುತ್ತಿದ್ದರು. ನನಗೋ ಬ್ಯಾಂಡೇಜಿನ ಬಿಗಿಯಲ್ಲಿ ಪೂರ್ತಿ ಉಸಿರೇ ಸಿಗುತ್ತಿರಲಿಲ್ಲವಾದ್ದರಿಂದ ನಾತವೂ ಅರ್ಧವೇ ಸಿಗುತ್ತಿತ್ತು.

ಮಂಜು ಸಿಕ್ಕದ್ದು ಆ ಅಂಗಡಿಯಲ್ಲೇ. ಗದಗದ ಕಡೆಯವನು. ನಾಯಂಡಹಳ್ಳಿಯಲ್ಲಿ ಮೊಬೈಲ್ ಕರೆನ್ಸಿ ಅಂಗಡಿ ತೆರೆಯುವವನಿದ್ದ. ವಿಸಿಟಿಂಗ್ ಕಾರ್ಡ್ ಮಾಡಿಸಲು ಬಂದಿದ್ದ. ತೆಳುವಾದ ಗಡ್ಡ, ಇಸ್ತ್ರಿ ಮಾಡಿದ ಅಂಗಿ, ಎದೆಯುಬ್ಬಿಸಿ ನಿಲ್ಲುವ ನಿಲುವು. ಅಕ್ಷರ ಸ್ವಲ್ಪ ದೊಡ್ಡದಾಗಲಿ ಎಂದು ನನ್ನ ಹೆಗಲ ಮೇಲಿಂದ ಬಾಗಿ ತೋರಿಸುತ್ತಿದ್ದವನು ಥಟ್ಟನೆ ದನಿ ತಗ್ಗಿಸಿದ.

“ಬ್ಯಾಂಡೇಜ್ ಸುತ್ಕೊಂಡೀರೇನ್ರಿ?”

ನನ್ನ ಬೆರಳುಗಳು ಕೀಲಿಮಣೆಯ ಮೇಲೆ ಹಾಗೇ ನಿಂತವು.

“ಹೆದರಬ್ಯಾಡ್ರಿ. ನಾನೂ ಭಾಳ ವರ್ಷ ಸುತ್ಕೊಂಡಾಂವ. ಬೆನ್ನು ಬಗ್ಗಿಸಿ ಕುಂತದ್ದು ನೋಡಿದ್ರ ಗೊತ್ತಾಕ್ಕೈತಿ.”

ಹೆಣ್ಣೆಂದು ಬೆಳೆಸಿದ ಮನೆಯಿಂದ ಅವನು ಗಂಡಾಗಿ ಹೊರಗೆ ಬಂದಿದ್ದ. ಇಂಜೆಕ್ಷನ್ನು, ಆಪರೇಶನ್ನು ಎಲ್ಲ ಮುಗಿಸಿದ್ದ. ಅಂಥದ್ದೊಂದು ಆಪರೇಶನ್ ಇದೆ, ನಮ್ಮ ಬೆಂಗಳೂರಿನಲ್ಲೇ ಮಾಡುತ್ತಾರೆ ಎಂಬುದು ನನಗೆ ಅವತ್ತೇ ತಿಳಿದದ್ದು. ಆ ಸಂಜೆ ನಾನು ಕೆಂಗೇರಿಗೆ ಎಷ್ಟು ಸಲ ಹೋಗಿ ಬಂದೆನೋ ನೆನಪಿಲ್ಲ. ಇಷ್ಟು ವರ್ಷ ಸುಮ್ಮನೆ ಚಡಪಡಿಸುತ್ತಿದ್ದವರಿಗೆ ಚಡಪಡಿಕೆಗೊಂದು ಕಾರಣ ಸಿಕ್ಕಿದರೆ ಅದು ನೂರು ಪಟ್ಟಾಗುತ್ತದೆ.

ಆಪರೇಶನ್ ಬೇಕಾದರೆ ಮೊದಲು ಮನೋವೈದ್ಯರು ಒಪ್ಪಬೇಕು ಎಂದು ಮಂಜು ಹೇಳಿದ್ದ. ನಾನು ಅವನನ್ನು ಹೆಚ್ಚು ಕೇಳದೆ, ಊರಿನ ಇನ್ನೊಂದು ತುದಿಯ ವೈದ್ಯರೊಬ್ಬರ ಬಳಿ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟೆ. ಎದೆ ಬೇಡ. ಗಂಡಾಗುವುದೂ ಬೇಡ. ಅವರು ಚಿಕ್ಕಂದಿನ ಆಟಗಳ ಬಗ್ಗೆ ಕೇಳಿದರು. ಕುಂಟೆಬಿಲ್ಲೆಯೂ ಆಡುತ್ತಿದ್ದೆ, ಬುಗುರಿಯೂ ಆಡುತ್ತಿದ್ದೆ ಅಂದೆ. ಅವರು ಪೆನ್ನಿನ ಮುಚ್ಚಳ ಹಾಕಿ, “ಮೊದಲು ನೀವೊಂದು ನಿರ್ಧಾರಕ್ಕೆ ಬನ್ನಿ, ಆಮೇಲೆ ನನ್ನ ಹತ್ರ ಬನ್ನಿ” ಅಂದರು. ನಿರ್ಧಾರ ಮಾಡಿಯೇ ಹೋಗಿದ್ದೆ ಎಂದು ಅವರಿಗೆ ತಿಳಿಸುವ ದಾರಿ ನನಗೆ ಗೊತ್ತಿರಲಿಲ್ಲ.

ಮಂಜುವಿಗೆ ಈ ಕಥೆ ಹೇಳಿದರೆ ಹಣೆ ಚಚ್ಚಿಕೊಂಡ.

“ಎರಡೂ ಅಲ್ಲ ಅಂದ್ರ ಅವರೇನ್ ತಿಳ್ಕೋಬೇಕು? ಗಂಡು ಅಂತ ಹೇಳು. ಹುಟ್ಟಿದಾಗಿಂದ ಗಂಡು, ಹಂಗ ಬಾಳ್ತೀನಿ, ಮುಗೀತು. ನಾ ಕಲಿಸ್ತೀನಿ.”

“ಅದು ಸುಳ್ಳಾಗುತ್ತಲ್ಲ.”

“ನನಗ ಖರೆ, ನಿನಗ ಸುಳ್ಳು. ಬಾಗ್ಲಾ ಒಂದ ಐತಿ. ಒಳಗ ಹೋಗ್ಬೇಕೋ ಬ್ಯಾಡೋ ಹೇಳು.”

ಒಳಗೆ ಹೋಗಬೇಕಿತ್ತು. ಅದರಲ್ಲಿ ಅನುಮಾನವಿರಲಿಲ್ಲ. ಬಸವೇಶ್ವರನಗರದಲ್ಲಿ ಅವನಿಗೆ ಗೊತ್ತಿದ್ದ ಒಬ್ಬ ವೈದ್ಯರಿದ್ದರು. ಆದರೆ ಅವರು ಮನೆಯವರೊಬ್ಬರನ್ನು ಕರೆದುಕೊಂಡು ಬರಲೇಬೇಕು ಎನ್ನುತ್ತಾರಂತೆ. ನನಗೆ ಮನೆಯವರು ಎಂದರೆ ಒಬ್ಬಳೇ.

ಒಂದು ಭಾನುವಾರ ಮಧ್ಯಾಹ್ನ ಚಿಕ್ಕಮ್ಮ ರವಿಕೆಗೆ ಹುಕ್ಕು ಹಾಕುತ್ತ ಕೂತಿದ್ದಳು. ನಾನು ಆ ಪುಟ್ಟ ಕೋಣೆಯಲ್ಲಿ ಬೀರುವಿನಿಂದ ಬಾಗಿಲಿಗೆ, ಬಾಗಿಲಿನಿಂದ ಬೀರುವಿಗೆ ತಿರುಗುತ್ತಿದ್ದೆ.

“ಅದೇನು ಹೇಳ್ಬೇಕೋ ಕೂತ್ಕೊಂಡು ಹೇಳು. ನೀನು ಹೀಗೆ ಸುತ್ತಿದ್ರೆ ನಂಗೆ ದಾರ ಪೋಣ್ಸೋಕಾಗಲ್ಲ.”

ನಾನು ಕೂರಲಿಲ್ಲ. ಗೋಡೆಯ ಕ್ಯಾಲೆಂಡರಿನ ಕಡೆ ಮುಖ ಮಾಡಿ ಎಲ್ಲವನ್ನೂ ಹೇಳಿದೆ. ತಿರುಗಿ ನೋಡಿದರೆ ಅವಳು ಹಿಡಿದ ಹುಕ್ಕನ್ನು ಪೂರ್ತಿ ಹೊಲಿದು, ದಾರವನ್ನು ಹಲ್ಲಿನಲ್ಲಿ ಕಡಿಯುತ್ತಿದ್ದಳು.

“ತುಂಬ ನೋವಾಗುತ್ತಾ?” ಅಂದಳು.

“ಆಗುತ್ತಂತೆ.”

“ಆಮೇಲೆ ಮೀಸೆ ಗೀಸೆ ಬರ್ಸ್ಕೋತೀಯಾ?”

“ಇಲ್ಲ ಚಿಕ್ಕಮ್ಮ. ಅದು ಬೇಡ.”

“ಹೆಸರು?”

“ಇದೇ ಇರ್ಲಿ. ಚೆನ್ನಾಗಿದೆ.”

“ಹಾಗಾದ್ರೆ ಇದೊಂದು ಬೇಡ, ಅಷ್ಟೇ.”

“ಅಷ್ಟೇ.”

ಅವಳು ಇನ್ನೊಂದು ಹುಕ್ಕು ಕೈಗೆ ತೆಗೆದುಕೊಂಡಳು. “ಸರಿ, ಯಾವತ್ತು ಹೋಗ್ಬೇಕು ಹೇಳು, ಬರ್ತೀನಿ.” ಅಷ್ಟು ಸಲೀಸಾಗಿ ಮುಗಿದ ಮಾತಿಗೆ ನಾನು ಹದಿನೈದು ವರ್ಷ ಹೆದರಿದ್ದೆ. ಅವತ್ತು ಮಾತ್ರ ಬೀದಿಗೆ ಹೋಗಬೇಕೆನ್ನಿಸಲಿಲ್ಲ, ಆದರೂ ಅಭ್ಯಾಸಬಲದಿಂದ ಹೋದೆ.

ಮುಂದಿನ ವಾರ ಮಂಜು ಮನೆಗೆ ಬಂದು, ಬಣ್ಣಬಣ್ಣದ ತುಂಡುಬಟ್ಟೆಗಳ ನಡುವೆ ಕಾಲು ಮಡಚಿ ಕೂತು ಚಿಕ್ಕಮ್ಮನಿಗೂ ಪಾಠ ಹೇಳಿದ. ಡಾಕ್ಟರು ಕೇಳಿದರೆ, ‘ಚಿಕ್ಕಂದಿನಿಂದಲೂ ಗಂಡುಮಗೂ ಥರಾನೇ ಇತ್ತು ಸಾರ್, ನಾವೂ ಗಂಡು ಅಂತಲೇ ಅಂದ್ಕೊಂಡಿದೀವಿ’ ಎನ್ನಬೇಕು. ಚಿಕ್ಕಮ್ಮ ಒಲೆಯ ಮೇಲಿನ ಉಪ್ಪಿಟ್ಟು ಕೆದಕುತ್ತ ಅದನ್ನು ಹೇಳಿ ನೋಡಿದಳು. ಒಮ್ಮೆ ರಾಗವಾಗಿ ಬಂತು, ಒಮ್ಮೆ ದಾವೆ ಹೂಡಿದ ಹಾಗೆ ಬಂತು. “ನಾಟಕದಾಗ ಅಂದಂಗ ಅನಬ್ಯಾಡ್ರಿ ಅಮ್ಮಾರ, ಸುಮ್ನ ಅನ್ರಿ” ಎಂದು ಮಂಜು ತಿದ್ದಿದ. ಉಪ್ಪಿಟ್ಟು ತಿನ್ನುವಷ್ಟರಲ್ಲಿ ಮಾತು ಹದಕ್ಕೆ ಬಂದಿತ್ತು. ನಾನಂತೂ ನನ್ನ ಪಾಠವನ್ನು ಬಸ್ಸಿನ ಕಂಬ ಹಿಡಿದು ಎಷ್ಟು ಉರು ಹೊಡೆದಿದ್ದೆನೆಂದರೆ, ಕಂಡಕ್ಟರ್ ಟಿಕೆಟ್ ಕೇಳಿದಾಗಲೂ ‘ಹುಟ್ಟಿದಾಗಿನಿಂದ’ ಎಂದು ಬಾಯಿಗೆ ಬಂದಿತ್ತು.

ಬಸವೇಶ್ವರನಗರದ ಆ ಕ್ಲಿನಿಕ್ಕು ಒಂದು ಮನೆಯ ಕೆಳಗಿನ ಭಾಗ. ವೈದ್ಯರಿಗೆ ವಯಸ್ಸಾಗಿತ್ತು; ನೆಗಡಿಯಿಂದ ದನಿ ಕಟ್ಟಿತ್ತು. ನಾನು ಕಲಿತದ್ದನ್ನೆಲ್ಲ ಒಪ್ಪಿಸಿದೆ. ಚೆನ್ನಾಗಿ ಒಪ್ಪಿಸಿದೆನೆಂದೇ ಹೇಳಬೇಕು. ಚಿಕ್ಕಮ್ಮನ ಸರದಿ ಬಂದಾಗ ಅವಳೂ ಹೇಳಿದಳು, ಸಣ್ಣ ದನಿಯಲ್ಲಿ, ಮೊದಲರ್ಧವನ್ನು ಮಾತ್ರ. ವೈದ್ಯರು ತಲೆದೂಗಿದರು.

“ಸರಿ. ಮೊದಲು ಹಾರ್ಮೋನ್ ಇಂಜೆಕ್ಷನ್ ಶುರು ಮಾಡಿಸೋಣ. ದನಿ ಒಡೆಯುತ್ತೆ, ಗಡ್ಡ ಮೀಸೆ ಬರುತ್ತೆ. ಆ ದನಿ ಮತ್ತೆ ಹಿಂದಕ್ಕೆ ಹೋಗಲ್ಲ. ಒಂದಷ್ಟು ಕಾಲ ಪೂರ್ತಿ ಗಂಡಸಾಗಿ ಓಡಾಡಿ, ಕೆಲಸಕ್ಕೆ ಹೋಗಿ. ಆಮೇಲೆ ಆಪರೇಶನ್ನಿಗೆ ಬರೀತೀನಿ. ಒಪ್ಪಿಗೆ ತಾನೆ?”

ನಾನು ತಲೆಯಾಡಿಸಿದೆ. ಬಾಗಿಲು ತೆರೆದಿತ್ತು, ಒಳಗೆ ಕಾಲಿಟ್ಟಾಗಿತ್ತು; ಇನ್ನು ಏನು ಕೊಟ್ಟರೂ ತೆಗೆದುಕೊಳ್ಳುವವರ ಹಾಗೆ ತಲೆಯಾಡಿಸುತ್ತಲೇ ಇದ್ದೆ.

“ಬೇಡ ಸಾರ್” ಅಂದಳು ಚಿಕ್ಕಮ್ಮ.

ವೈದ್ಯರು ಅವಳ ಕಡೆ ತಿರುಗಿದರು. ನಾನು ಮೇಜಿನ ಕೆಳಗೆ ಅವಳ ಕಾಲು ತುಳಿದೆ. ಅವಳು ಕಾಲು ಎಳೆದುಕೊಂಡಳು.

“ಗಡ್ಡ ಮೀಸೆ ಅದಕ್ಕೆ ಬೇಡ ಸಾರ್. ನನ್ನ ಹತ್ರ ಹೇಳಿದೆ. ಎದೆ ಒಂದು ಬೇಡ ಅಂತ ಕೇಳ್ತಿರೋದು. ನೀವು ಅದು ಕೇಳದೇ ಇರೋದನ್ನೆಲ್ಲ ಕೊಡ್ತೀನಿ ಅಂತಿದೀರಾ, ಅದು ಹೂಂ ಹೂಂ ಅಂತಿದೆ.”

“ಹಾಗಾದ್ರೆ ಇಷ್ಟು ಹೊತ್ತು ಹೇಳಿದ್ದು?”

“ಅದು ಕಲಿಸಿಕೊಟ್ಟಿದ್ದು ಸಾರ್.”

ಆ ಕ್ಷಣ ನನಗೆ ಅವಳ ಮೇಲೆ ಬಂದ ಸಿಟ್ಟನ್ನು ಹೇಗೆ ಹೇಳಲಿ. ಕೈಯಲ್ಲಿದ್ದದ್ದನ್ನು ಕಿತ್ತು ಮೋರಿಗೆ ಎಸೆದ ಹಾಗಿತ್ತು. ವೈದ್ಯರು ಕನ್ನಡಕ ತೆಗೆದು ಬಹಳ ಹೊತ್ತು ಕಣ್ಣೊರೆಸಿಕೊಂಡರು, ನೆಗಡಿಗೋ ಯೋಚನೆಗೋ ತಿಳಿಯಲಿಲ್ಲ.

“ಇವತ್ತು ನಾನು ಏನೂ ಬರೆಯೋಕಾಗಲ್ಲ” ಎಂದರು. “ಇಂಥದ್ದು ನನಗೂ ಹೊಸದು. ಮತ್ತೆ ಬನ್ನಿ. ಆದ್ರೆ ನಿಮ್ಮ ಮಾತನ್ನ ನೀವೇ ಆಡಿ.”

ಹಿಂದಿರುಗುವಾಗ ಬಸ್ಸಿನಲ್ಲಿ ಅವಳು ಮುಂದೆ ಕೂತಳು, ನಾನು ನನ್ನ ಕಂಬದ ಹತ್ತಿರ ನಿಂತೆ. ನಮ್ಮ ನಡುವೆ ಇದ್ದದ್ದು ಮೂರ್ನಾಲ್ಕು ಸೀಟು. ಅಲ್ಲಿಂದ ಮುಂದೆ ಹಲವು ವಾರ ಮನೆಯಲ್ಲೂ ಅಷ್ಟೇ ದೂರವಿತ್ತು. ‘ಸಾರು ಬಿಸಿ ಇದೆ’, ‘ಹಾಲಿನವನು ಬಂದಿಲ್ಲ’, ಇಂಥ ಮಾತು ಬಿಟ್ಟು ಬೇರೆ ಇಲ್ಲ. ಒಮ್ಮೆ ಮಾತ್ರ, ನಾನು ಚಪ್ಪಲಿ ಮೆಟ್ಟುತ್ತಿದ್ದಾಗ ಅವಳು ಮೆಷಿನ್ ನಿಲ್ಲಿಸಿ, “ಒಡೆದ ದನಿ ಹಿಂದಕ್ಕೆ ಬರಲ್ಲ ಅಂದ್ರಲ್ಲ ಡಾಕ್ಟ್ರು” ಎಂದಳು. ನಾನು ಇನ್ನೊಂದು ಚಪ್ಪಲಿಯನ್ನೂ ಮೆಟ್ಟಿ ಹೊರಟೆ.

ಮಂಜು ನನಗಿಂತ ಹೆಚ್ಚು ಸಿಟ್ಟಾಗಿದ್ದ. ಅವನ ಸಿಟ್ಟಿಗೆ ಬೇರೆ ಕಾರಣವಿತ್ತು.

“ನಾಳೆ ನಮ್ಮ ಹುಡುಗ್ರು ಯಾರರ ಹ್ವಾದ್ರ, ಆ ಡಾಕ್ಟ್ರು ‘ಇದೂ ಕಲಿಸಿದ್ದೇನಪಾ’ ಅಂತ ಕೇಳ್ತಾರ. ನಿನಗ ಎರಡೂ ಅಲ್ಲ ಅನ್ನೂದು ಸಸಾರ. ನನ್ನ ಗಂಡಸ್ತನಾನ ನಾಟಕ ಅಂದಂಗ ಆತು.”

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಅದಕ್ಕೇ ಇನ್ನೂ ಚಡಪಡಿಕೆಯಾಯಿತು. ಈಗ ನನಗೆ ಹೋಗಲು ಮನೆಯೂ ಇಲ್ಲ, ಅವನ ಅಂಗಡಿಯೂ ಇಲ್ಲ. ಕೆಲಸ ಮುಗಿಸಿ ರಾಜಾಜಿನಗರದಿಂದ ನಡೆದುಕೊಂಡೇ ಬರತೊಡಗಿದೆ. ಬ್ಯಾಂಡೇಜನ್ನು ಮೊದಲಿಗಿಂತ ಬಿಗಿಯಾಗಿ ಎಳೆದು ಸುತ್ತುತ್ತಿದ್ದೆ. ಆಪರೇಶನ್ನಿನಿಂದ ಆಗದೆ ಹೋದದ್ದನ್ನು ಬಟ್ಟೆಯಿಂದಲೇ ಮಾಡಿಬಿಡುವ ಹಟ. ಕಂಡವರಿಗೆ ನಾನು ಬಹಳ ಕೆಲಸವಿರುವವರಂತೆ ಕಂಡಿರಬೇಕು. ಅಷ್ಟು ಬಿರುಸಾಗಿ ಎಲ್ಲಿಗೂ ಹೋಗದೆ ಇರುವವರನ್ನು ನಾನಂತೂ ಬೇರೆ ನೋಡಿಲ್ಲ.

ಬೇಸಿಗೆ ಏರಿತ್ತು. ಒಂದು ಶನಿವಾರ ಮಧ್ಯಾಹ್ನ ಮಂಜುವಿನ ಜೊತೆ ರಾಜಿಯಾಗೋಣವೆಂದು ನಾಯಂಡಹಳ್ಳಿಗೆ ಹೋದೆ. ಸಿಗ್ನಲ್ಲಿನ ಧೂಳು, ಲಾರಿಗಳ ಹೊಗೆ, ನೆತ್ತಿಯ ಮೇಲೆ ಬಿಸಿಲು. ಅವನ ಅಂಗಡಿಯ ಮೆಟ್ಟಿಲು ಹತ್ತಿದ್ದು ನೆನಪಿದೆ. ಉಸಿರು ಒಳಗೆ ಬರಲಿಲ್ಲ. ಮತ್ತೆ ಎಳೆದೆ, ಆಗಲೂ ಬರಲಿಲ್ಲ. ಕೌಂಟರಿನ ಗಾಜಿನ ಮೇಲೆ ಕೈಯೂರಲು ಹೋಗಿ ಕೆಳಗೆ ಬಿದ್ದೆ.

ಕಣ್ಣು ಬಿಟ್ಟಾಗ ಆಟೋದಲ್ಲಿದ್ದೆ, ತಲೆ ಮಂಜುವಿನ ತೊಡೆಯ ಮೇಲೆ. ಆಸ್ಪತ್ರೆಗೆ ಎನ್ನುತ್ತಿದ್ದವನಿಗೆ ನಾನು ಮನೆಗೆ, ಮನೆಗೆ ಎಂದು ಗೋಗರೆದೆನಂತೆ. ಚಿಕ್ಕಮ್ಮ ಅಳತೆಗೆ ಬಂದಿದ್ದವರನ್ನು ಹೊರಗೆ ಕಳಿಸಿ ಬಾಗಿಲು ಹಾಕಿದಳು. ಮಂಜು ಗೋಡೆಯ ಕಡೆ ತಿರುಗಿ ನಿಂತ. ಅವಳು ನನ್ನ ಅಂಗಿಯ ಗುಂಡಿ ಬಿಚ್ಚಿ, ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿಯನ್ನು ತಂದು, ತಣ್ಣನೆಯ ಅಲಗನ್ನು ಬ್ಯಾಂಡೇಜಿನ ಒಳಗೆ ತೂರಿಸಿ ಮೇಲಿನಿಂದ ಕೆಳಗಿನವರೆಗೆ ಸೀಳಿದಳು. ಉಸಿರು ಒಮ್ಮೆಲೇ ನುಗ್ಗಿತು, ಕೆಮ್ಮು ಬಂತು. ಪಕ್ಕೆಯ ಉದ್ದಕ್ಕೂ ಚರ್ಮ ಸುಲಿದು ಕೆಂಪಾಗಿತ್ತು, ಹಳೆಯ ಗಾಯಗಳು ಕಪ್ಪುಗಟ್ಟಿದ್ದವು. ಅವಳು ನೋಡಿದಳು. ನಾನು ಹದಿಮೂರರಿಂದ ಮುಚ್ಚಿಟ್ಟದ್ದನ್ನು ಮೊದಲ ಸಲ ನೋಡಿದಳು. ಕೊಬ್ಬರಿ ಎಣ್ಣೆ ತಂದು ಸುಲಿದ ಕಡೆ ಮಾತ್ರ ಹಚ್ಚಿ, ತನ್ನ ಹಳೆಯ ಸೀರೆಯೊಂದನ್ನು ಹೊದಿಸಿದಳು.

“ಯಾಕೆ ಪುಟ್ಟಾ ಇಷ್ಟು ಬಿಗಿ?” ಎಂದಳು.

“ಡಾಕ್ಟರ ಹತ್ರ ಮತ್ತೆ ಹೋಗ್ತೀನಿ ಚಿಕ್ಕಮ್ಮ. ನೀನೂ ಬಾ.”

“ಬಾಗಿಲ ತನಕ ಬರ್ತೀನಿ. ಒಳಗೆ ನೀನೇ ಹೋಗು.”

ಗೋಡೆಯ ಕಡೆ ತಿರುಗಿದ್ದ ಮಂಜು ಮೂಗೆಳೆದುಕೊಂಡು ಹೇಳಿದ: “ಈ ಸಲ ಪಾಠ ಗೀಠ ಇಲ್ಲ. ಹೆಂಗ ಬರ್ತದೋ ಹಂಗ ಅನ್ನು. ಏನಾರ ಆಗ್ಲಿ.”

ಹೋದೆ. ಕಲಿತ ಮಾತನ್ನು ಹೇಳುವಾಗ ಇದ್ದ ಸರಾಗ ಸ್ವಂತ ಮಾತಿಗೆ ಇರಲಿಲ್ಲ. ತೊದಲಿದೆ. ಸ್ನಾನದ ಮನೆಯ ದೀಪ ಆರಿಸಿ ಸ್ನಾನ ಮಾಡುವುದನ್ನು ಹೇಳಿದೆ. ಕನಸುಗಳಲ್ಲಿ ನನಗೆ ಎದೆ ಇರುವುದಿಲ್ಲ, ಗಡ್ಡವೂ ಇರುವುದಿಲ್ಲ, ನಾನು ಸುಮ್ಮನೆ ನಾನಾಗಿರುತ್ತೇನೆ, ಎಚ್ಚರವಾದಾಗ ಮೈ ಮೇಲೆ ಯಾರದೋ ಭಾರ ಬಂದು ಕೂರುತ್ತದೆ ಎಂದೆ. ವೈದ್ಯರು ನಡುವೆ ಬಾಯಿ ಹಾಕಲಿಲ್ಲ. ಕೊನೆಗೆ ಕೇಳಿದರು:

“ಆಮೇಲೆ ಯಾಕಾದ್ರೂ ಮಾಡಿಸ್ಕೊಂಡೆ ಅನ್ನಿಸಿದ್ರೆ?”

“ಅನ್ನಿಸಬಹುದು ಸಾರ್. ಅನ್ನಿಸಲ್ಲ ಅಂತ ಹೇಗೆ ಹೇಳ್ಲಿ? ಆದ್ರೆ ಈಗ ದಿನಾ ಬೆಳಿಗ್ಗೆ ಅನ್ನಿಸ್ತಾ ಇದೆಯಲ್ಲ.”

ಅವರು ಅವತ್ತೂ ಒಪ್ಪಲಿಲ್ಲ. ಬರ್ತಾ ಇರಿ ಅಂದರು. ಮಳೆಗಾಲವಿಡೀ ಹೋಗುತ್ತಿದ್ದೆ. ಚಿಕ್ಕಮ್ಮ ಹೊರಗಿನ ಬೆಂಚಿನಲ್ಲಿ ಹೆಮ್ಮಿಂಗ್ ಮಾಡುತ್ತ ಕೂರುತ್ತಿದ್ದಳು; ಕಾಯುವ ಒಂದಿಬ್ಬರು ಅಲ್ಲೇ ಅವಳಿಗೆ ಗಿರಾಕಿಗಳೂ ಆದರು. ಈ ‘ಬರ್ತಾ ಇರಿ’ ನನ್ನಂಥವರಿಗೆ ದೊಡ್ಡ ಶಿಕ್ಷೆ. ಒಮ್ಮೆ ಸಹನೆಗೆಟ್ಟು, ಒಪ್ಪಲ್ಲ ಅಂತಲಾದರೂ ಹೇಳಿ ಸಾರ್ ಎಂದುಬಿಟ್ಟೆ. ಅವರು ನಕ್ಕು, “ನಿಮಗೆ ಅವಸರ, ನನಗೆ ಭಯ. ಇಬ್ಬರೂ ಸ್ವಲ್ಪ ಸ್ವಲ್ಪ ಬಿಡೋಣ” ಅಂದರು. ಚಳಿಗಾಲ ಬರುವಾಗ, ತಮಗೆ ಪರಿಚಯದ ಪ್ಲಾಸ್ಟಿಕ್ ಸರ್ಜನ್ ಒಬ್ಬರ ಜೊತೆ ಅವರೇ ಮಾತಾಡಿದರು. ಇಂಜೆಕ್ಷನ್ ಇಲ್ಲ, ಹೆಸರು ಬದಲಾವಣೆ ಇಲ್ಲ, ಕೇಳಿದ್ದಷ್ಟೇ.

ರಾಜಾಜಿನಗರದ ಒಂದು ನರ್ಸಿಂಗ್ ಹೋಮಿನಲ್ಲಿ ಆಪರೇಶನ್ ಆಯಿತು. ನನ್ನನ್ನು ಹೆಂಗಸರ ವಾರ್ಡಿಗೋ ಗಂಡಸರ ವಾರ್ಡಿಗೋ ಎಂದು ನರ್ಸುಗಳಲ್ಲಿ ಗುಸುಗುಸು ನಡೆದು, ಕೊನೆಗೆ ಮೆಟ್ಟಿಲ ಪಕ್ಕದ ಒಂಟಿ ಕೋಣೆಯಲ್ಲಿ ಹಾಕಿದರು. ಎಚ್ಚರವಾದಾಗ ಮೊದಲು ಅರಿವಾದದ್ದು ನೋವಲ್ಲ, ಬಾಯಾರಿಕೆ. ಆಮೇಲೆ ನೋವು ಬಂತು, ತನ್ನ ಬಳಗವನ್ನೆಲ್ಲ ಕರೆದುಕೊಂಡು ಬಂತು. ಆದರೂ ಮೇಲಿನ ಹೊದಿಕೆ ಕತ್ತಿನಿಂದ ಹೊಟ್ಟೆಯವರೆಗೆ ಎಲ್ಲೂ ಏಳದೆ ಸಪಾಟಾಗಿ ಇಳಿದಿರುವುದನ್ನು ನಾನು ಮಲಗಿದಲ್ಲಿಂದಲೇ ನೋಡುತ್ತಿದ್ದೆ. ಅಳು ಬಂತು. ಅತ್ತರೆ ಹೊಲಿಗೆ ಎಳೆಯುತ್ತಿತ್ತು, ಹಾಗಾಗಿ ಕಂತು ಕಂತಾಗಿ ಅತ್ತೆ. ಮಂಜು ಫ್ಲಾಸ್ಕಿನಲ್ಲಿ ಗಂಜಿ ತಂದು, ಗುಟುಕು ಗುಟುಕಾಗಿ ಕುಡಿಸುತ್ತ ಕೇಳಿದ: “ಈಗ ಬಸ್ಸಿನ್ಯಾಗ ಎಲ್ಲಿ ಕುಂದರ್ತಿ?” ನಗಿಸಬೇಡ ಎಂದು ಕೈ ಮುಗಿದೆ.

ಗಾಯ ಮಾಗಿ ಬಂದ ಮೇಲೆ ಒಂದು ಬೆಳಿಗ್ಗೆ ನಾನಾಗಿಯೇ ಚಿಕ್ಕಮ್ಮನ ಮುಂದೆ ನಿಂತು, ಹೊಸ ಅಂಗಿ ಹೊಲಿಯಲು ಅಳತೆ ತೆಗೆದುಕೋ ಎಂದೆ. ತುಂಬ ದೊಡ್ಡ ಕ್ಷಣವೆಂದು ನಾನು ಅಂದುಕೊಂಡಿದ್ದೆ. ಅವಳು ದೂರದಿಂದಲೇ ನೋಡಿ, “ಇನ್ನೂ ಊತ ಇದೆ. ಈಗ ಹೊಲಿದ್ರೆ ಆಮೇಲೆ ಸಡಿಲ ಆಗುತ್ತೆ. ಇಳೀಲಿ” ಎಂದು ಪೆಡಲು ತುಳಿಯತೊಡಗಿದಳು.

ಆಪರೇಶನ್ ಆದ ಮೇಲೆ ನನ್ನ ಚಡಪಡಿಕೆ ಹೋಯಿತೇ? ಇಲ್ಲ. ಅದು ಹುಟ್ಟುಗುಣವಿರಬೇಕು. ಶೌಚಾಲಯದ ಬಾಗಿಲಲ್ಲಿ ಬೋರ್ಡು ನೋಡಿ ನಿಲ್ಲುವುದು, ‘ಸಾರ್... ಮೇಡಂ... ಸಾರ್’ ಎಂದು ತೊದಲುವ ಅಂಗಡಿಯವರಿಗೆ ಕಾಯುವುದು, ಇವು ಇನ್ನೂ ಇವೆ. ಹೊರಗೆ ಹೋಗಬೇಕೆನ್ನಿಸಿದಾಗ ಈಗಲೂ ಹೋಗುತ್ತೇನೆ. ಆದರೆ ಆಗ ಹೋದಲ್ಲೆಲ್ಲ ನನ್ನ ಹಿಂದೆಯೇ ಬರುತ್ತಿದ್ದದ್ದೊಂದು ಈಗ ಬರುವುದಿಲ್ಲ. ಮಂಜು ಮದುವೆಯಾಗಿ ಹುಬ್ಬಳ್ಳಿಯಲ್ಲಿದ್ದಾನೆ. ಲಗ್ನಪತ್ರಿಕೆ ಜೋಡಿಸಿದ್ದು ನಾನೇ. ಚಿಕ್ಕಮ್ಮ ಕೆಂಗೇರಿ ಉಪನಗರದಲ್ಲಿ ತನ್ನ ಹಳೆಯ ಗಿರಾಕಿಯೂ ಗೆಳತಿಯೂ ಆದ ಒಬ್ಬರ ಜೊತೆ ಮನೆ ಮಾಡಿದ್ದಾಳೆ. ಕಣ್ಣಿನ ಪೊರೆ ತೆಗೆಸಿ ಮತ್ತೆ ಮೆಷಿನ್ ಮುಂದೆ ಕೂತಿದ್ದಾಳೆ.

ನಡುವೆ ಎಷ್ಟೋ ಕಡೆ, ನನ್ನಂಥ ಕಿರಿಯರು ಕೇಳಿದಾಗ, ನಾನು ಈ ಕಥೆಯನ್ನು ಹೇಳಿದ್ದೇನೆ. ಪ್ರತಿ ಸಲವೂ ಒಂದೇ ಮಾತಿನಿಂದ ಮುಗಿಸುತ್ತಿದ್ದೆ: ಲೋಕದಲ್ಲಿ ಯಾರಿಗೂ ಅರ್ಥವಾಗದ್ದು ನಮ್ಮ ಚಿಕ್ಕಮ್ಮನಿಗೆ ಅರ್ಥವಾಗಿತ್ತು. ಕೇಳಿದವರ ಕಣ್ಣು ತುಂಬುತ್ತಿತ್ತು. ಕ್ರಮೇಣ ನನಗೂ ಆ ಮಾತು ಹೇಳುವಾಗ ಎಲ್ಲಿ ನಿಲ್ಲಿಸಬೇಕು, ಎಲ್ಲಿ ದನಿ ತಗ್ಗಿಸಬೇಕು ಎಂದು ಅಭ್ಯಾಸವಾಗಿತ್ತು.

ಇವತ್ತು ಬೆಳಿಗ್ಗೆ ಅವಳಿಗೆ ಫೋನ್ ಮಾಡಿದೆ. ಅದೂ ಇದೂ ಮಾತಾಡಿ, ಇದುವರೆಗೆ ಯಾಕೋ ಕೇಳದೆ ಬಿಟ್ಟಿದ್ದನ್ನು ಕೇಳಿದೆ.

“ಚಿಕ್ಕಮ್ಮ, ಅವತ್ತು ನಾನು ಹೇಳಿದ್ದು ನಿಂಗೆ ಅಷ್ಟು ಬೇಗ ಹೇಗೆ ಅರ್ಥ ಆಯ್ತು?”

“ಯಾವುದು?”

“ಅದೇ, ಎರಡೂ ಅಲ್ಲ ಅಂದಿದ್ದು.”

ಆ ಕಡೆ ಮೆಷಿನ್ ನಿಂತಿತು.

“ಎಲ್ಲಿ ಅರ್ಥ ಆಗಿತ್ತು? ಈಗ್ಲೂ ಆಗಿಲ್ಲ ಪುಟ್ಟಾ. ನಿನ್ನ ಮುಂದೆ ಹೇಳಿದ್ರೆ ಬೇಜಾರಾಗ್ತೀಯ ಅಂತ ಸುಮ್ನಿದ್ದೆ. ಎಷ್ಟೋ ಸಲ ಯೋಚ್ನೆ ಮಾಡಿದೀನಿ, ಅದು ಹೇಗಿರುತ್ತೆ ಅಂತ. ಗೊತ್ತಾಗಲ್ಲ.”

“ಮತ್ತೆ ಡಾಕ್ಟರಿಗೆ ಹಾಗೆ ಹೇಳಿದ್ದು?”

“ನೀನು ತಲೆ ಆಡಿಸ್ತಿದ್ದೆ. ಮುಖ ಬೇಡ ಅಂತಿತ್ತು. ಮುಖ ನೋಡಿ ಹೇಳ್ದೆ.”

ಅವಳ ಗೆಳತಿ ಒಳಗಿನಿಂದ ಏನನ್ನೋ ಕೂಗಿ ಕೇಳಿದರು. ಬಂದೆ ಎಂದು ಅವರಿಗೆ ಹೇಳಿ, ಭಾನುವಾರ ಬಾ ಎಂದು ನನಗೆ ಹೇಳಿ, ಚಿಕ್ಕಮ್ಮ ಫೋನ್ ಇಟ್ಟಳು.

ಅರ್ಥವಾಗದೆಯೇ ಬಂದಿದ್ದಳು. ಅರ್ಥವಾಗದೆಯೇ ಉಪ್ಪಿಟ್ಟಿನ ಜೊತೆ ಸುಳ್ಳು ಕಲಿತು, ಹೇಳಬೇಕಾದಲ್ಲಿ ಹೇಳದೆ, ನನ್ನ ಅಷ್ಟು ವಾರಗಳ ಮೌನವನ್ನು ಉಂಡು, ಆ ಬೆಂಚಿನ ಮೇಲೆ ಮಳೆಗಾಲ ಕಳೆದಿದ್ದಳು. ನಾನು ಇಷ್ಟು ವರ್ಷ ಅವಳ ಬಗ್ಗೆ ಹೇಳಿಕೊಂಡು ಬಂದ ಮಾತು ಅವಳಿಗೆ ಒಪ್ಪುವಂಥದ್ದೇ ಆಗಿರಲಿಲ್ಲ. ಮುಂದೆ ಯಾರಾದರೂ ಕೇಳಿದರೆ ಕಥೆಯ ಕೊನೆಯನ್ನು ತಿದ್ದಿ ಹೇಳಬೇಕು. ಹೇಗೆ ಎಂದು ಇನ್ನೂ ಹೊಳೆದಿಲ್ಲ. ಭಾನುವಾರ ಕೆಂಗೇರಿಗೆ ಹೋಗುತ್ತೇನೆ. ಆಗಿನ ಹಾಗೆ ಅದೇ ಬಸ್ಸಿನಲ್ಲಿ ಹಿಂದಿರುಗದೆ, ಈ ಸಲ ಅಲ್ಲಿ ಇಳಿಯುತ್ತೇನೆ.